ಸಾಹೇಬರ ಗುಡಾರ

ಮೂರನೆಯ ಗೂಟ ನೆಲಕ್ಕಿಳಿಯಲು ಒಪ್ಪಲಿಲ್ಲ. ಬೆಟ್ಟಯ್ಯ ಸುತ್ತಿಗೆ ಎತ್ತಿ ಬಡಿದಷ್ಟೂ ಅದು ಒಳಗಿನ ಕಲ್ಲಿಗೆ ತಾಗಿ ವಾಪಸ್ಸು ನೆಗೆಯುತ್ತಿತ್ತು. ಕಣದ ಬೇಲಿಗೆ ಒರಗಿ ನಿಂತಿದ್ದ ಪಕ್ಕದ ಮನೆಯ ಚಿಕ್ಕಬೀರಯ್ಯನಿಗೆ ಇದಕ್ಕಿಂತ ಒಳ್ಳೆಯ ಕಾಲಹರಣ ಬೇರೆ ಬೇಕಿರಲಿಲ್ಲ.

"ಬುಡ್ಲಾ ಅತ್ಲಾಗೆ. ಸಾಹೇಬ ಬರಾಕಿಲ್ಲ ಅಂತ ಗೂಟಕ್ಕೂ ಗೊತ್ತದೆ."

"ಬತ್ತಾರೆ ಕಣ್ಲಾ. ಗೋಪಾಲಸ್ವಾಮಿ ಬೆಟ್ಟಕ್ಕೋಗಿ ಪೂಜೆ ಮುಗಿಸ್ಕಂಡು ಅಂಗೇ ಇಲ್ಲಿಗೆ ಬತ್ತಾರೆ. ನಮ್ ಶಿವರಂಜಿನಿ ಮೊಬೈಲಿಗೆ ಫೋನ್ ಮಾಡಿದ್ರು."

"ಈ ಮಾತ್ನ ನಾನು ಮೀಸೆ ಬರಕ್ ಮುಂಚಿಂದ್ಲೂ ಕೇಳ್ತಾ ಇವ್ನಿ, ಬುಡು."

ಸುಳ್ಳೇನಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಕಾಡಂಚಿನ ಗಡಿ ಅಳೆಯಲು ಬಂದ ಸರ್ವೆ ಅಧಿಕಾರಿ ಗಂಗಾಧರಸ್ವಾಮಿ ಭೀಮನಬೀಡಿನ ಹೊರಗೆ ಒಂದು ಬೇಸಗೆಯಿಡೀ ಬಿಡಾರ ಹೂಡಿದ್ದರು. ಬೆಟ್ಟಯ್ಯ ಆಗ ಚಿಗುರು ಮೀಸೆಯ ಪ್ರಾಯದವನು, ಅವರಿಗೆ ಅಳತೆಯ ಸರಪಳಿ ಹಿಡಿಯುವ ಆಳು. ತಮ್ಮ ತಂದೆ ತೀರಿಕೊಂಡ ಸುದ್ದಿ ಬಂದ ದಿನ ಸಾಹೇಬರು ಉಟ್ಟ ಬಟ್ಟೆಯಲ್ಲೇ ಜೀಪು ಹತ್ತಿದರು. ಗುಡಾರ ಸರ್ಕಾರದ್ದಲ್ಲ, ಅವರ ಸ್ವಂತದ್ದು. "ಜೋಪಾನವಾಗಿ ಇಟ್ಟಿರು, ಬಂದು ತಗೊಂಡು ಹೋಗ್ತೀನಿ. ವರ್ಷಕ್ಕೊಂದ್ಸಲ ಬಿಚ್ಚಿ ನಿಲ್ಲಿಸು, ಇಲ್ಲದಿದ್ರೆ ಮಡಿಕೆಯಲ್ಲೇ ಸೀಳುತ್ತೆ" ಎಂದರು. ಅಷ್ಟೇ ಆಡಿದ್ದು. ಬೆಟ್ಟಯ್ಯ ಅದನ್ನೇ ವೇದವಾಕ್ಯ ಮಾಡಿಕೊಂಡ.

ಪ್ರತಿ ವರ್ಷ ಆಯುಧಪೂಜೆಗೆ ಗುಡಾರ ಅಟ್ಟದಿಂದ ಇಳಿಯುತ್ತಿತ್ತು. ಕಣದಲ್ಲಿ ಎದ್ದು ನಿಂತು, ನೇಗಿಲು ಕುಡುಗೋಲುಗಳ ಜೊತೆ ತಾನೂ ಕುಂಕುಮ ಹಚ್ಚಿಸಿಕೊಂಡು, ಸಂಜೆಗೆ ಮತ್ತೆ ಅಟ್ಟ ಸೇರುತ್ತಿತ್ತು. ಅದರೊಳಗೆ ಒಂದು ಕೋಳಿಯೂ ನುಗ್ಗುವಂತಿರಲಿಲ್ಲ. ಕಡಲೆಕಾಯಿ ಹೊಲ ಕಾಯಲು ಚಿಕ್ಕಬೀರಯ್ಯ ಕೇಳಿದ, ಕೊಡಲಿಲ್ಲ. ಮಗಳು ಶಿವರಂಜಿನಿಯ ನಾಮಕರಣದ ದಿನ ಪಂಕ್ತಿ ಕೂತ ಹೊತ್ತಿಗೇ ಮಳೆ ಸುರಿದು ನೆಂಟರ ಎಲೆಯ ಮೇಲಿನ ಅನ್ನ ತೇಲಿಹೋಯಿತು, ಆಗಲೂ ಅಟ್ಟದಿಂದ ಇಳಿಸಲಿಲ್ಲ. ಹೆಂಡತಿ ರಾಚಮ್ಮ ಅದನ್ನು ಇವತ್ತಿಗೂ ಮರೆತಿಲ್ಲ. ಮಾತಿಗೊಮ್ಮೆ "ನಮ್ಮನೇಲಿ ಮನುಸ್ರು ನೆನೀಬೋದು, ಗುಡಾರ ನೆನೀಬಾರ್ದು" ಎನ್ನುತ್ತಾಳೆ.

ಆ ಶಿವರಂಜಿನಿಯೇ ಸಾಹೇಬರನ್ನು ಪತ್ತೆ ಮಾಡಿದ್ದು. ಚಾಮರಾಜನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ. ಆಪರೇಷನ್ನಿಗೆ ಬಂದ ಮುದುಕರೊಬ್ಬರ ಹೆಸರು ಕೂಗಿದವಳು, ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿ ತೂತಾಗಿದ್ದ ಹೆಸರಲ್ಲವೇ ಎಂದು ವಿಚಾರಿಸಿದಳು. ಅವರೇ. ನಿವೃತ್ತಿಯಾದಾಗಿನಿಂದ ಚಾಮರಾಜನಗರದಲ್ಲೇ ಇದ್ದಾರಂತೆ. ಇದನ್ನು ಕೇಳಿದಾಗ ಬೆಟ್ಟಯ್ಯನಿಗೆ ಖುಷಿಯಾಗಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರುವಷ್ಟು ಹತ್ತಿರದ ಊರು. ಆದರೂ ಅವರು ಇಷ್ಟು ವರ್ಷ ಬರಲಿಲ್ಲ. ಯಾಕೆ ಎಂದು ಯಾರನ್ನು ಕೇಳುವುದು?

ಇರಲಿ, ಈಗ ಬರುತ್ತಿದ್ದಾರಲ್ಲ. ಬಂದು "ಹೌದು, ಇದು ನನ್ನದೇ" ಎಂದುಬಿಟ್ಟರೆ ಸಾಕು. ಕೊಟ್ಟ ಮಾತು ಉಳಿದಂತೆ. ಊರವರ ನಗು, ರಾಚಮ್ಮನ ಮುನಿಸು ಎಲ್ಲವೂ ಸಾರ್ಥಕ. ಬೆಟ್ಟಯ್ಯ ಗೂಟವನ್ನು ಕಿತ್ತು ಒಂದು ಗೇಣು ಆಚೆ ಬಡಿದ. ಸಲೀಸಾಗಿ ಇಳಿಯಿತು.

ಕಾರು ಬಂದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಸಾಹೇಬರ ಮಗ ಚಂದ್ರಕುಮಾರ್ ಕಾರಿನ ಹತ್ತಿರವೇ ನಿಂತು ಫೋನಿನಲ್ಲಿ ಮಾತಿಗಿಳಿದ. ಗಂಗಾಧರಸ್ವಾಮಿ ಕೋಲೂರಿಕೊಂಡು ಕಣಕ್ಕೆ ಬಂದರು. ಬೆಟ್ಟಯ್ಯ ಕಾಲಿಗೆ ಬಿದ್ದ. ಅವರು ಅವನ ಭುಜ ಹಿಡಿದೆತ್ತಿ, "ಸರಪಳಿ ಬೆಟ್ಟಯ್ಯ ಅಲ್ವೇನೋ? ತಲೆಯೆಲ್ಲಾ ಬೆಳ್ಳಗಾಗಿ ಹೋಯ್ತಲ್ಲೋ" ಎಂದು ನಕ್ಕರು. ಬೆಟ್ಟಯ್ಯನ ಕಣ್ಣಲ್ಲಿ ನೀರು ಬಂತು. ಗುರುತು ಹಿಡಿದರಲ್ಲ, ಇನ್ನೇನು ಬೇಕು.

"ನಿಮ್ ಗುಡಾರ, ಬುದ್ಧಿ."

ಸಾಹೇಬರು ಒಂದು ಸುತ್ತು ಬಂದರು. ಬಟ್ಟೆ ಮುಟ್ಟಿದರು, ಕಂಬ ಅಲ್ಲಾಡಿಸಿದರು. ಮತ್ತೊಂದು ಸುತ್ತು ಬಂದರು.

"ಬೆಟ್ಟಯ್ಯ, ಇದು ನಂದಲ್ಲ ಕಣಯ್ಯ."

ಬೇಲಿಯ ಹತ್ತಿರ ಚಿಕ್ಕಬೀರಯ್ಯ ಕೆಮ್ಮಿದ.

"ಕಣ್ಣು ಆಪರೇಸನ್ ಆಯ್ತಲ್ಲ ಬುದ್ಧಿ, ಅದ್ಕೇ ಅಂಗೆ ಕಾಣ್ತದೆ."

"ಆಪರೇಷನ್ ಆದ್ಮೇಲೇ ಸರಿಯಾಗಿ ಕಾಣ್ತಿರೋದು. ನಂದು ಬಿಳೀ ಬಟ್ಟೆ. ಇದು ಖಾಕಿ."

"ಮ್ಯಾಲಿನ ಮಾಡು ಮಾತ್ರ ಬದ್ಲಾಯ್ಸಿದ್ದು. ಆನೆಕಲ್ಲು ಮಳೆ ಬಿದ್ದು ಅರ್ದೋಗಿತ್ತು. ಗುಂಡ್ಲುಪೇಟೇಲಿ ಲಾರಿ ಟಾರ್ಪಾಲು ತಂದು ಒಲ್ಸಿದೆ."

"ಗೋಡೆ ಕೂಡ ಬೇರೆ ಇದೆಯಲ್ಲ?"

"ಅದ ಇಲಿ ಕಡೀತು. ನಿಮ್ ವಸ್ತು ತ್ಯಾಪೆ ತ್ಯಾಪೆ ಕಾಣಬಾರ್ದು ಅಂತ ಇಡೀ ಮಗ್ಗುಲ್ನೇ ಒಸಾದು ಆಕಿಸ್ದೆ. ಮತ್ತೊಂದು ಸಲ ಎತ್ತು ಕೊಂಬಾಕ್ತು, ಆ ಕಡೆ ಮಗ್ಗುಲ್ದೂ ಅಂಗೇ."

"ಕಂಬ?"

"ಗೆದ್ಲು, ಬುದ್ಧಿ."

ಹೇಳುತ್ತಾ ಹೇಳುತ್ತಾ ಬೆಟ್ಟಯ್ಯನ ದನಿ ತಗ್ಗಿತು. ಪ್ರತಿ ಸಲವೂ ಬದಲಾಯಿಸಿದ್ದು ಒಂದೇ ಒಂದು ಭಾಗ. ಉಳಿದದ್ದೆಲ್ಲ ಸಾಹೇಬರದ್ದೇ ಇತ್ತಲ್ಲ! ಯಾವ ವರ್ಷ ಅದು ಸಾಹೇಬರದ್ದಲ್ಲದೆ ಹೋಯಿತು? ಅವನು ಬಗ್ಗಿ, ಗಡಿಬಿಡಿಯಿಂದ ಗುಡಾರದ ಬುಡವನ್ನೆಲ್ಲ ತಡಕಿದ. ಬುಡದಲ್ಲಿ ಒಂದು ಕಬ್ಬಿಣದ ಗೂಟ ಸಿಕ್ಕಿತು. ತುಕ್ಕು ಹಿಡಿದು ಬಲು ಹಳತಾಗಿ ಕಂಡಿತು.

"ಇದು! ಇದು ನಿಮ್ದೆಯಾ ಬುದ್ಧಿ!"

ನೀರುಮಜ್ಜಿಗೆ ತಂದ ರಾಚಮ್ಮ ಅಲ್ಲೇ ನಿಂತಳು. "ಅದು ನಮ್ ಹಸಾ ಕಟ್ತಿದ್ದ ಗೂಟ ಕಣ್ರೀ. ಓದ್ವರ್ಸ ಕಮ್ಮಿ ಬಿತ್ತು ಅಂತ ನೀವೇ ಕಿತ್ಕಂಡ್ ಬಂದ್ರಿ."

"ಮತ್ತೆ ಹಳೇ ಬಟ್ಟೆ ಎಲ್ಲಮ್ಮಿ ಮಡಗಿದ್ದೀಯೆ?"

"ಎಲ್ಲಿ ಮಡಗನ? ಒಂದು ಮಗ್ಗುಲಲ್ಲಿ ನಮ್ ಶಿವರಂಜಿನಿಗೆ ಜೋಲಿ ಕಟ್ಟಿದ್ದೆ. ಇನ್ನೊಂದರ ಮೇಲೆ ಮೆಣಸಿನಕಾಯಿ ಒಣಗಿಸ್ದೆ. ಮಾಡಿನ ಬಟ್ಟೆ ಕೊಟ್ಟಿಗೇಲಿ ಇತ್ತು, ಸವ್ದೋಯ್ತು. ಚಿಕ್ಕಬೀರಣ್ಣನೂ ಒಂದು ತುಂಡ ಒಲಕ್ಕೆ ತಕ್ಕಂಡೋಗಿದ್ದ."

ಚಿಕ್ಕಬೀರಯ್ಯ ಈ ಸಲ ಕೆಮ್ಮಲಿಲ್ಲ. ಬೇಲಿ ಬಿಟ್ಟು ಮೆಲ್ಲಗೆ ಮನೆಯ ಕಡೆ ನಡೆದ.

ಬೆಟ್ಟಯ್ಯ ಗೂಟದಿಂದ ಕೈ ತೆಗೆದು ಎದ್ದು ನಿಂತ. ಹಾಗಾದರೆ ಸಾಹೇಬರ ಗುಡಾರವನ್ನು ಮನೆಯವರು, ಊರವರು ಎಲ್ಲ ಕೂಡಿ ಬಳಸಿ ಮುಗಿಸಿದ್ದಾರೆ. ಯಾರೂ ಮುಟ್ಟದಂತೆ ತಾನು ಕಾದಿದ್ದು ತನ್ನದೇ ಟಾರ್ಪಾಲನ್ನು, ತನ್ನದೇ ಹಸುವಿನ ಗೂಟವನ್ನು. ತಾನು ಮಾತು ಉಳಿಸಿಕೊಂಡವನೋ, ನಂಬಿ ಬಿಟ್ಟುಹೋದ ವಸ್ತುವನ್ನು ಚೂರುಚೂರಾಗಿ ಕಳೆದವನೋ? ಎರಡೂ ನಿಜದಂತೆಯೇ ಕಂಡವು. ಬೈದರೆ ಬೈಸಿಕೊಂಡೇನು ಎಂದು ಸಾಹೇಬರ ಮುಖ ನೋಡಿದ. ಅಲ್ಲಿ ಸಿಟ್ಟೂ ಇರಲಿಲ್ಲ.

"ನಿಜ ಹೇಳ್ಲಾ? ಒಂದು ಟೆಂಟು ಬಿಟ್ಟುಹೋಗಿದ್ದೆ ಅನ್ನೋದೇ ನನಗೆ ಮರೆತುಹೋಗಿತ್ತು. ನಿನ್ನ ಮಗಳು ಹೇಳಿದ ಮೇಲೆ ನೆನಪಾಯ್ತು" ಎಂದರು ಗಂಗಾಧರಸ್ವಾಮಿ. "ಇದು ನಿಂದೇ ಕಣಯ್ಯ. ಇಟ್ಕೋ."

"ಅದೆಂಗಾದದು ಬುದ್ಧಿ? ನಂದಾಗಿದ್ರೆ ನಮ್ ನೆಂಟ್ರ ಯಾಕ್ ನೆನೆಸ್ತಿದ್ದೆ ನಾನು?"

ಸಾಹೇಬರು ರಾಚಮ್ಮನ ಕೈಯಿಂದ ಮಜ್ಜಿಗೆ ತೆಗೆದುಕೊಂಡರು. ಕುಡಿದು ಲೋಟ ಕೊಟ್ಟರು. ಬೆಟ್ಟದ ಮೆಟ್ಟಿಲು ಹತ್ತಿಳಿದು ದಣಿದಿದ್ದರು. "ಒಳಗೆ ಸ್ವಲ್ಪ ಕೂತ್ಕೋತೀನಿ, ಬಿಸಿಲು" ಎಂದು ಬಗ್ಗಿ ಗುಡಾರದೊಳಕ್ಕೆ ಹೋದರು. ರಾಚಮ್ಮ ಓಡಿಹೋಗಿ ಚಾಪೆ ತಂದು ಹಾಸಿದಳು. ಬೆಟ್ಟಯ್ಯ ಕಣದ ನಡುವೆ ನಿಂತೇ ಇದ್ದ. ಅಳಬೇಕೋ ನಗಬೇಕೋ ಅವನಿಗೆ ತಿಳಿಯಲಿಲ್ಲ. ಗುಡಾರ ಬಿಚ್ಚುವುದೋ, ಹಾಗೇ ಬಿಡುವುದೋ, ಬಿಚ್ಚಿದರೆ ಕಾರಿಗೆ ಹಾಕುವುದೋ ಅಟ್ಟಕ್ಕೆ ಏರಿಸುವುದೋ, ಒಂದೂ ತೋಚಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿಂದ ಗೊರಕೆ ಕೇಳಿಸಿತು.

ಬೆಟ್ಟಯ್ಯ ಬಾಗಿಲಿಗೆ ಹೋಗಿ ಇಣುಕಿದ. ಸಾಹೇಬರು ಒಂದು ತೋಳನ್ನು ತಲೆಗೆ ಕೊಟ್ಟು, ಬಾಯಿ ತೆರೆದು, ಸ್ವಂತ ಮನೆಯಲ್ಲೆಂಬಂತೆ ಮಲಗಿಬಿಟ್ಟಿದ್ದರು.

ಫೋನು ಮುಗಿಸಿ ಚಂದ್ರಕುಮಾರ್ ಬಂದ. "ಅಪ್ಪ ಎಲ್ಲಿ? ಹೊರಡ್ಬೇಕು, ಲೇಟಾಗ್ತಿದೆ."

"ಶ್" ಎಂದ ಬೆಟ್ಟಯ್ಯ. "ಸಾಹೇಬ್ರು ಮನಗವ್ರೆ."

ಮಗ ಕೈಗಡಿಯಾರ ನೋಡಿಕೊಂಡು ಕಾರಿನತ್ತ ಹೋದ. ಬೆಟ್ಟಯ್ಯ ಗುಡಾರದ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಹೊತ್ತು ಸರಿದಂತೆ ಬಿಸಿಲು ಬಾಗಿಲಿನಿಂದ ಒಳಕ್ಕೆ ಇಳಿದು, ಮಲಗಿದವರ ಪಾದದ ಮೇಲೆ ಬಿತ್ತು. ಬೆಟ್ಟಯ್ಯ ಕೂತಲ್ಲೇ ಸ್ವಲ್ಪ ಜರುಗಿ, ತನ್ನ ನೆರಳು ಆ ಪಾದಗಳನ್ನು ಮುಚ್ಚುವ ಹಾಗೆ ಕೂತುಕೊಂಡ.