ಕೆಂಪು ದಾರದ ಮೂಟೆಗಳು

ನೀಲಿ ಟಬ್ಬಿನಲ್ಲಿ ನೆನೆಹಾಕಿದ್ದ ಶರ್ಟನ್ನು ಕೋಲಿನಿಂದ ಎತ್ತಿ ಕಲ್ಲಿನ ಮೇಲೆ ಹಾಕಿ, ಅವಳು ಕಾಲರಿಗೆ ಸೋಪು ಉಜ್ಜುತ್ತಿದ್ದಳು. ಇದು ಮೂರನೆಯ ನೀರು. ಆದರೂ ನೊರೆ ಹಳದಿಯಾಗಿಯೇ ಬರುತ್ತಿತ್ತು. ಈ ಟಬ್ಬು, ಈ ಕೋಲು, ಈ ಸೋಪು ಮೂರೂ ಕಳೆಗೆ ಔಷಧಿ ಹೊಡೆಯುವಾಗ ತೊಟ್ಟ ಬಟ್ಟೆಗೆಂದೇ ಬೇರೆ ಇಟ್ಟವು. ಮನೆಯ ಬಟ್ಟೆ ಇವುಗಳ ಹತ್ತಿರ ಸುಳಿಯಬಾರದು ಎಂದು ಹನ್ನೊಂದು ವರ್ಷದಿಂದ ಅವಳು ಕಟ್ಟುನಿಟ್ಟು ಮಾಡಿಕೊಂಡು ಬಂದಿದ್ದಳು. ವಾಸನೆ ಮಾತ್ರ ಯಾವ ಕಟ್ಟುನಿಟ್ಟಿಗೂ ಬಗ್ಗಿರಲಿಲ್ಲ. ಸೀಮೆಎಣ್ಣೆಯಲ್ಲಿ ಕೊಳೆತ ಹಣ್ಣು ಕಿವುಚಿದಂಥ ಆ ನಾತ ದಿಂಬಿನಲ್ಲಿತ್ತು, ಬಾಗಿಲ ಹಿಡಿಯಲ್ಲಿತ್ತು, ಗಂಡನ ಕತ್ತಿನ ಮಡಿಕೆಗಳಲ್ಲಿತ್ತು. ಅವಳು ಮುಖ ಆಚೆ ತಿರುಗಿಸಿಕೊಂಡು ಉಜ್ಜಿದಳು.

ಗಂಡ ಹಿತ್ತಲ ಮೆಟ್ಟಿಲ ಮೇಲೆ ಕೂತು ಸಿಂಪಡಿಸುವ ಯಂತ್ರದ ನಾಝಲ್‌ಗಳನ್ನು ಬಿಚ್ಚಿ ಹಾಕಿಕೊಂಡಿದ್ದ. ಬಿತ್ತನೆಗೆ ಹತ್ತು ದಿನ ಉಳಿದಿತ್ತು. ಅಷ್ಟರೊಳಗೆ ಹೊಲದಲ್ಲಿ ಎದ್ದ ಹುಲ್ಲನ್ನೆಲ್ಲ ಸುಡಬೇಕೆಂದು ಬೆಳಗಿನಿಂದ ಔಷಧಿ ಹೊಡೆದು ಬಂದಿದ್ದ. ಒಂದು ನಾಝಲ್ ಕಟ್ಟಿಕೊಂಡಿತ್ತು. ಅದನ್ನು ತುಟಿಗಿಟ್ಟು ಕೆನ್ನೆ ಉಬ್ಬಿಸಿ ಊದಿದ. ಏನೋ ಲೋಳೆಯಂಥದ್ದು ಹೊರಗೆ ಹಾರಿತು. ಅವನು ಪಕ್ಕಕ್ಕೆ ಉಗಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು, ಅದೇ ಕೈಯಲ್ಲಿ ಅವಳು ಅರ್ಧ ಕುಡಿದಿಟ್ಟಿದ್ದ ಚಹಾದ ಲೋಟ ಎತ್ತಿದ.

"ಬಾಯಲ್ಲಿ ಊದಬೇಡಿ ಅಂತ ಎಷ್ಟು ಸಲ ಹೇಳೋದು ರೀ? ಹಳೇ ಬ್ರಷ್ ಅಲ್ಲೇ ಬಿದ್ದಿದೆ."

"ಹನ್ನೊಂದು ವರ್ಷದಿಂದ ಊದ್ತಾ ಇದೀನಿ. ಸತ್ತಿದೀನಾ?"

"ಇಲ್ಲ. ನೀವೂ ಸಾಯ್ತಿಲ್ಲ, ಹುಲ್ಲೂ ಸಾಯ್ತಿಲ್ಲ."

ಅವನು ನಗಲಿಲ್ಲ. ಲೋಟ ಖಾಲಿ ಮಾಡಿ ಮೆಟ್ಟಿಲ ಮೇಲಿಟ್ಟ. ಅವಳಿಗೆ ಆ ಲೋಟವನ್ನು ಇನ್ನು ಯಾವ ಟಬ್ಬಿನಲ್ಲಿ ತೊಳೆಯಬೇಕೆಂದು ತಿಳಿಯಲಿಲ್ಲ.

"ನಾಲ್ಕು ಗಂಟೆಗೆ ಟೆಂಪೊ ಬರುತ್ತೆ," ಎಂದ. "ನಿನ್ನ ತಂಗಿಯ ಬೀಜದ ಮೂಟೆ ಹೊಲಿದಿಡು. ನಾಲ್ಕು ಮೂಟೆ. ಕೆಂಪು ದಾರ."

"ಯಾವ ಹೊಲದ್ದು?"

"ಯಾವುದು ಅಂದ್ರೆ? ದೊಡ್ಡ ಹೊಲದ್ದು."

ಅವಳ ಕೈ ಕಾಲರಿನ ಮೇಲೆ ನಿಂತಿತು.

ಹನ್ನೊಂದು ವರ್ಷದ ಹಿಂದೆ ಅವನು ನೇಗಿಲು ಮಾರಿದಾಗ ಊರೆಲ್ಲ ನಕ್ಕಿತ್ತು. 'ನೇಗಿಲು ಮಾರಿದವ' ಎಂದು ಹೆಸರಿಟ್ಟಿತ್ತು. ಅವನು ಉಳಲಿಲ್ಲ. ಹಿಂದಿನ ಬೆಳೆಯ ಕೂಳೆಯನ್ನು ಹಾಗೇ ಬಿಟ್ಟು, ಅದರ ನಡುವೆ ಯಂತ್ರದಿಂದ ಗೀರು ಹಾಕಿ ಗೋಧಿ ಬಿತ್ತಿದ. ಮೂರನೆಯ ವರ್ಷಕ್ಕೆ ನಕ್ಕವರೇ ಬೇಲಿಯ ಆಚೆ ನಿಂತು ನೋಡತೊಡಗಿದರು. ಆಮೇಲೆ ದೂರದೂರದಿಂದ ಜನ ಬಂದರು. ಹೆಸರು 'ನೇಗಿಲು ಮಾರಿದವರು' ಎಂದು ಬಹುವಚನಕ್ಕೆ ಏರಿತು. ಅವಳಿಗೂ ಆಗ ಸಂತೋಷವೇ ಆಗಿತ್ತು. ಕೂಳೆ ಸರಿಸಿದರೆ ಕೆಳಗೆ ಮಣ್ಣು ತಣ್ಣಗೆ, ಮೆತ್ತಗೆ ಇರುತ್ತಿತ್ತು. ಬೆರಳಿಟ್ಟರೆ ಎರೆಹುಳು ಜಾರಿಕೊಂಡು ಹೋಗುತ್ತಿತ್ತು.

ಆದರೆ ನೇಗಿಲು ಹೂತು ಹಾಕುತ್ತಿದ್ದ ಕಳೆಯನ್ನೂ ಈಗ ಔಷಧಿಯೇ ಕೊಲ್ಲಬೇಕಾಗಿತ್ತು. ಮೊದಮೊದಲು ಕೊಂದಿತು. ಆಮೇಲೆ ಒಂದು ಹುಲ್ಲು ಮಾತ್ರ ಉಳಿಯತೊಡಗಿತು. ಎಳೆಯದಿದ್ದಾಗ ಅದಕ್ಕೂ ಗೋಧಿಗೂ ವ್ಯತ್ಯಾಸ ಹೇಳುವುದು ಕಷ್ಟ. ಬುಡ ಮುರಿದು ನೋಡಿದರೆ ಇದರದು ಕೆಂಪಗಿರುತ್ತದೆ, ಅಷ್ಟೆ. ಊರವರು ಅದನ್ನು ಅಳಿಯ ಹುಲ್ಲು ಎನ್ನುತ್ತಿದ್ದರು. ಗೋಧಿಯ ಮನೆಯಲ್ಲೇ ಉಂಡು, ಗೋಧಿಗಿಂತ ಗೇಣು ಮೇಲೆ ತಲೆಯೆತ್ತಿಕೊಂಡು ನಿಲ್ಲುತ್ತದೆ ಎಂದು.

ಅದಕ್ಕೆ ಅವನು ವರ್ಷ ವರ್ಷವೂ ಹೊಡೆದದ್ದು ಒಂದೇ ಔಷಧಿ. ಅದೂ ಪೂರ್ತಿ ಅಳತೆಯಲ್ಲಿ ಅಲ್ಲ. "ಮುಕ್ಕಾಲು ಹಾಕು, ಸಾಕು, ನಮ್ಮ ಮಣ್ಣು ಒಳ್ಳೇದು," ಎನ್ನುತ್ತಿದ್ದ. ಅಳತೆಯ ಲೋಟ ಹಿಡಿದು ಸುರಿಯುತ್ತಿದ್ದವಳು ಅವಳೇ. ಮುಕ್ಕಾಲು ಅಳತೆಗೆ ಸಾಯುವ ಹುಲ್ಲು ಸತ್ತಿತು. ಸಾಯದ್ದು ತೆನೆ ಬಿಟ್ಟು ಬೀಜ ಉದುರಿಸಿತು. ಡಬ್ಬದ ಜೊತೆ ಬರುವ ಚೀಟಿಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ಒಂದೇ ಗುಂಪಿನ ಔಷಧಿಯನ್ನು ಸತತವಾಗಿ ಬಳಸಬೇಡಿ, ಅಳತೆ ಕಡಿಮೆ ಮಾಡಬೇಡಿ ಎಂದಿತ್ತು. ಅವಳು ಅದನ್ನು ಓದಿ ಹೇಳಿದ್ದಳು. "ಚೀಟಿ ಬರೆದವನು ಹೊಲ ನೋಡಿದಾನಾ?" ಎಂದು ಅವನು ಅದರಿಂದಲೇ ಕೈಯ ಎಣ್ಣೆ ಒರೆಸಿ ಎಸೆದಿದ್ದ.

ಹೋದ ವರ್ಷ ಅವಳು ಅಡುಗೆಮನೆಯ ಕಿಟಕಿಯಲ್ಲಿ ಹಿಡಿ ಮುರಿದ ಎಂಟು ಚಹಾ ಕಪ್ಪುಗಳನ್ನು ಸಾಲಾಗಿ ಇಟ್ಟು ಮಣ್ಣು ತುಂಬಿದಳು. ನಾಲ್ಕಕ್ಕೆ ತಮ್ಮ ದೊಡ್ಡ ಹೊಲದ ಅಳಿಯ ಹುಲ್ಲಿನ ಬೀಜ, ನಾಲ್ಕಕ್ಕೆ ತಂಗಿಯ ಹೊಲದ ಬದುವಿನದು. ಮೂರೆಲೆ ಬಂದಮೇಲೆ ಚೀಟಿಯಲ್ಲಿದ್ದ ಪೂರ್ತಿ ಅಳತೆಗೆ ಔಷಧಿ ಕಲಸಿ ಹೊಡೆದಳು. ಎರಡೂ ಕಡೆ ಒಂದೊಂದು ಕಪ್ಪಿಗೆ ಇಮ್ಮಡಿ. ಹದಿನೈದು ದಿನಕ್ಕೆ ತಂಗಿಯ ಹುಲ್ಲು ಹಳದಿಯಾಗಿ ಮಲಗಿತು. ತಮ್ಮದರ ತುದಿ ಸ್ವಲ್ಪ ಸುಟ್ಟಂತಾಗಿ, ನಡುವಿನಿಂದ ಹೊಸ ಎಲೆ ಬಂತು. ಇಮ್ಮಡಿ ಹೊಡೆದ ಕಪ್ಪಿನಲ್ಲೂ ಬಂತು. ಗಂಡನನ್ನು ಕರೆದು ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. ಒಂದನ್ನು ಕಿತ್ತು ಬುಡ ಮುರಿದೂ ನೋಡಿದ. ಸಂಜೆಗೆ ಎಂಟು ಕಪ್ಪುಗಳೂ ತಿಪ್ಪೆಯಲ್ಲಿದ್ದವು.

"ಅಡುಗೆಮನೇಲಿ ವಿಷ ಇಡ್ತಾರೇನೇ ಯಾರಾದ್ರೂ?" ಎಂದು ಅವಳನ್ನೇ ಬೈದಿದ್ದ.

ಶರ್ಟನ್ನು ಹಿಂಡಿ ತಂತಿಯ ಮೇಲೆ ಹಾಕಿ, ಮೊಣಕೈವರೆಗೆ ಎರಡು ಸಲ ತೊಳೆದುಕೊಂಡು, ಅವಳು ಕಾಳಿನ ಕೋಣೆಗೆ ಹೋದಳು. ದೊಡ್ಡ ಹೊಲದ ಗೋಧಿಯಲ್ಲಿ ಗಿರಣಿಗೆ ಹೋಗದೆ ಉಳಿದ ನಾಲ್ಕು ಮೂಟೆಗಳು ಬಾಯಿ ತೆರೆದುಕೊಂಡು ಬಾಗಿಲ ಬಳಿ ನಿಂತಿದ್ದವು. ಒಂದರೊಳಗೆ ಕೈಯಿಳಿಸಿ ಒಂದು ಹಿಡಿ ತೆಗೆದು ಸ್ಟೀಲಿನ ತಟ್ಟೆಯಲ್ಲಿ ಹರಡಿದಳು. ಬೆರಳ ತುದಿಯಿಂದ ಗೋಧಿಯನ್ನು ಆಚೆ ತಳ್ಳುತ್ತ ಹೋದಂತೆ ತಟ್ಟೆಯ ತಳದಲ್ಲಿ ಸಣ್ಣ ಬೀಜಗಳು ಉಳಿದವು. ಬೂದು ಬಣ್ಣ, ನುಣುಪು, ತಲೆಯಿಂದ ಸತ್ತ ಹೇನು ಉದುರಿದ ಹಾಗೆ. ಒಂದು ಹಿಡಿಗೆ ಹದಿಮೂರು. ಅವಳಿಗೆ ತಲೆ ಕೆರೆದುಕೊಳ್ಳಬೇಕೆನಿಸಿತು.

ಗಂಡ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. ಕೈಯಲ್ಲಿದ್ದದ್ದು ಅವಳ ರೊಟ್ಟಿ ಮುಚ್ಚುವ ಬಟ್ಟೆ.

"ಸಣ್ಣ ಜರಡಿ ಹಾಕಿಲ್ವಲ್ರೀ ಇದಕ್ಕೆ."

"ಅದನ್ನ ಹಾಕಿದ್ರೆ ಸಣ್ಣ ಕಾಳೂ ಹೋಗುತ್ತೆ. ಇಡೀ ದಿನದ ಕೆಲಸ. ಇಷ್ಟು ಸಣ್ಣ ಬೀಜ ಯಾರ ಕಣ್ಣಿಗೆ ಬೀಳುತ್ತೆ?"

"ನನ್ನ ಕಣ್ಣಿಗೆ ಬಿತ್ತಲ್ಲ. ಇದು ಸಾಯದ ಹುಲ್ಲು. ನಿಮಗೂ ಗೊತ್ತು. ಕಪ್ಪಲ್ಲಿ ನೋಡಿದೀರಿ."

ಅವನು ಅಲ್ಲಗಳೆಯುತ್ತಾನೆ ಎಂದುಕೊಂಡಿದ್ದಳು. ಕಪ್ಪಿಗೇನು ಗೊತ್ತು, ಹೊಲ ಬೇರೆ ಎನ್ನಬಹುದಿತ್ತು. ಅವನು ಹಾಗೆ ಅನ್ನಲಿಲ್ಲ. ಬಾಗಿಲಿಗೆ ಒರಗಿ, ಸಣ್ಣ ಮಗುವಿಗೆ ಲೆಕ್ಕ ಹೇಳಿಕೊಡುವ ತಾಳ್ಮೆಯಲ್ಲಿ ಹೇಳಿದ:

"ನೋಡೇ. ಈ ಹುಲ್ಲು ನಮ್ಮ ಹೊಲದಲ್ಲಿ ಮಾತ್ರ ನಿಂತ್ರೆ, ನೇಗಿಲು ಮಾರಿದವನ ತಪ್ಪು ಅಂತಾರೆ. ನಿನ್ನ ತಂಗಿ ಹೊಲದಲ್ಲೂ ನಿಂತ್ರೆ, ಇನ್ನೂ ನಾಲ್ಕು ಜನರ ಹೊಲದಲ್ಲಿ ನಿಂತ್ರೆ, ಔಷಧಿಯೇ ಕೆಟ್ಟದ್ದು ಅಂತಾರೆ. ಗೊಬ್ಬರದ ಅಂಗಡಿಯವನೂ ಅದನ್ನೇ ಹೇಳ್ದ. ನನ್ನ ಮರ್ಯಾದೆ ಹೋದ್ರೆ ನಿನ್ನದು ಉಳಿಯುತ್ತಾ?"

"ಅವಳು ನನ್ನ ಒಡಹುಟ್ಟಿದವಳು ರೀ."

"ಅದಕ್ಕೇ ಅಲ್ವಾ ಮೊದಲು ಅವಳಿಗೆ ಕೊಡ್ತಿರೋದು? ಕೇಳೋರು ಏನಂತಾರೆ, ನಾದಿನಿಗೇ ಕೊಟ್ಟಿದಾನೆ ಅಂದ್ಮೇಲೆ ಬೀಜ ಒಳ್ಳೇದೇ ಇರಬೇಕು ಅಂತಾರೆ."

ಹೇಳಿ ಅವನು ನಕ್ಕ. ಕೆಳದುಟಿಯ ಮೂಲೆಯಲ್ಲಿ ಔಷಧಿಯ ಒಂದು ಹಳದಿ ಚುಕ್ಕೆ ಒಣಗಿ ಅಂಟಿಕೊಂಡಿತ್ತು. ಈ ಬಾಯಿಗೆ ತಾನು ಇಪ್ಪತ್ತಮೂರು ವರ್ಷ ಉಣಬಡಿಸಿದ್ದೇನೆ ಎಂಬುದು, ಯಾರೋ ಹೊರಗಿನವರು ಬಂದು ಹೇಳಿದ ಸುದ್ದಿಯಂತೆ ಅವಳಿಗೆ ಕೇಳಿಸಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದಳು. ಬೇಲಿ ಮೇಯುವಾಗ ನಗುವುದನ್ನು ನೋಡಿದ್ದು ಇದೇ ಮೊದಲು.

ಅವನು ಊಟ ಬಡಿಸಿಕೊಳ್ಳಲು ಹೋದ. ಫೋನು ಹೊಡೆದುಕೊಂಡಿತು. ತಂಗಿ.

"ಅಕ್ಕಾ, ಟೆಂಪೊದವನಿಗೆ ದಾರಿ ಹೇಳಿದೀನಿ. ಮೂಟೆ ನೀನೇ ಹೊಲೀತಿದೀಯಾ?"

"ನಾನೇ."

"ಹಾಗಾದ್ರೆ ಸರಿ. ನಮ್ಮನೆಯವರು ಬೀಜ ಒಂದ್ಸಲ ಜರಡಿ ಹಿಡಿಯೋಣ ಅಂದ್ರು. ನಾನಂದೆ, ಅಕ್ಕನ ಕೈ ಆಡಿದ ಮೂಟೆಗೆ ಜರಡಿ ಹಿಡಿಯೋಕೆ ನೀವು ಯಾವೂರ ದೊಡ್ಡ ಮನುಷ್ಯರು ಅಂತ. ಬಾಯಿ ಮುಚ್ಚಿಕೊಂಡ್ರು ನೋಡು!" ತಂಗಿ ಕಿಲಕಿಲ ನಕ್ಕಳು. "ಭಾವನ ಹಾಗೆ ನಾವೂ ಇನ್ಮೇಲೆ ಉಳಲ್ಲ. ಹೊಲ ಕನ್ನಡಿ ಥರ ಇದೆ ಅಕ್ಕಾ, ಒಂದು ಕಡ್ಡಿ ಹುಲ್ಲಿಲ್ಲ. ಬಂದು ನೋಡು."

"ಬರ್ತೀನಿ."

"ದನಿ ಯಾಕೆ ಹಾಗಿದೆ? ಮತ್ತೆ ಆ ವಾಸನೆಗೆ ತಲೆನೋವಾ?"

"ಹೂಂ. ವಾಸನೆಗೆ."

ಫೋನು ಇಟ್ಟು ಅವಳು ಅಲ್ಲೇ ನಿಂತಳು. ಜರಡಿ ಹಿಡಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಎಂದು ತಂಗಿ ಕೇಳುತ್ತಿದ್ದಳು, ಸಂಜೆಯೊಳಗೆ ತಂಗಿಯ ಗಂಡ ಇಲ್ಲಿರುತ್ತಿದ್ದ, ಆಮೇಲೆ ಎರಡು ಮನೆಗಳ ಬಾಗಿಲು ಮುಚ್ಚುತ್ತಿತ್ತು. ಅಲ್ಲದೆ ಜರಡಿಯಲ್ಲಿ ಎಷ್ಟು ಹೋದರೂ ಒಂದು ಹತ್ತು ಬೀಜ ಉಳಿದರೆ ಸಾಕು. ಹೊಲ ತುಂಬಲು ಅಳಿಯ ಹುಲ್ಲಿಗೆ ಹತ್ತು ವರ್ಷ ಬೇಕಿಲ್ಲ.

ಅವಳ ಕಣ್ಣು ಕೋಣೆಯ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಮಣೆಯ ಮೇಲೆ ಇನ್ನೂ ನಾಲ್ಕು ಮೂಟೆಗಳಿದ್ದವು. ಬಿಳಿ ದಾರದ ಹೊಲಿಗೆ. ಬಾವಿಯ ಪಕ್ಕದ ತುಂಡು ಹೊಲದ ಗೋಧಿ, ಮನೆಯ ವರ್ಷದ ಊಟಕ್ಕೆ. ಬೀಜ ಅದೇ, ತಳಿ ಅದೇ. ಆದರೆ ಆ ತುಂಡಿಗೆ ಗಂಡ ಇವತ್ತಿನವರೆಗೆ ಒಂದು ಹನಿ ಔಷಧಿ ಬೀಳಲು ಬಿಟ್ಟಿರಲಿಲ್ಲ. "ನಾವು ತಿನ್ನೋದಲ್ವಾ?" ಎನ್ನುತ್ತಿದ್ದ. ಪ್ರತಿ ವರ್ಷ ಅವಳೇ ಮಂಡಿಯೂರಿ, ಒಂದೊಂದೇ ಬುಡ ಮುರಿದು, ಕೆಂಪು ಕಂಡದ್ದನ್ನು ಕಿತ್ತು ಚೀಲಕ್ಕೆ ಹಾಕಿ ಸುಡುತ್ತಿದ್ದಳು. ಹೊಲ ನೋಡಲು ಬಂದ ಜನರಿಗೆ ಆ ಗೋಧಿಯ ರೊಟ್ಟಿಯನ್ನೇ ಬಡಿಸಿ, ಅವನು ದೊಡ್ಡ ಹೊಲದ ಕಡೆ ಕೈ ತೋರಿಸುತ್ತಿದ್ದ. ಅವರು ರುಚಿ ಹೊಗಳುತ್ತಿದ್ದರು.

ಈ ಮನೆಯಲ್ಲಿ ಮೂಟೆಗೆ ಹೆಸರು ಬರೆಯುವ ಪದ್ಧತಿಯಿಲ್ಲ. ಕಪ್ಪು ದಾರ ಗಿರಣಿಗೆ, ಕೆಂಪು ಬೀಜಕ್ಕೆ, ಬಿಳಿ ಮನೆಗೆ. ಹೊತ್ತು ಹಾಕುವವರು, ಗಾಡಿಯವರು, ಗಂಡ, ಎಲ್ಲರೂ ದಾರ ನೋಡುತ್ತಾರೆಯೇ ಹೊರತು ಕಾಳು ನೋಡುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಎರಡೂಕಾಲು. ಅವಳು ತಟ್ಟೆಯ ಹದಿಮೂರು ಬೀಜಗಳನ್ನು ಬೆರಳಿಂದ ಒತ್ತಿ ಎತ್ತಿ, ಅವು ಬಂದಿದ್ದ ಮೂಟೆಯೊಳಕ್ಕೇ ಉದುರಿಸಿದಳು. ಇದಕ್ಕೆ ಬಿಳಿ ದಾರ ಹಾಕಿದರೆ ಇನ್ನೊಂದು ವರ್ಷ ಮನೆಯ ಹಿಟ್ಟು ಇದೇ. ಅವಳ ತಟ್ಟೆಯಲ್ಲೂ ಇದೇ ರೊಟ್ಟಿ. ಅದನ್ನೂ ಯೋಚಿಸಿದಳು, ನುಂಗಲು ಎಷ್ಟು ಹೇಸಿಗೆಯಾಗುತ್ತದೆ ಎಂದೂ ಅಳೆದು ನೋಡಿದಳು. ಹನ್ನೊಂದು ವರ್ಷ ಮುಕ್ಕಾಲು ಅಳತೆ ಸುರಿದ ಕೈ ಇದೇ ತಾನೇ.

ಅಡುಗೆಮನೆಯಿಂದ ಗಂಡನ ದನಿ ಬಂತು, ಬಾಯಿತುಂಬ ರೊಟ್ಟಿ. "ಹೊಲಿದಾಯ್ತೇನೇ?"

"ಆಗ್ತಿದೆ," ಎಂದಳು.

ಬಾಗಿಲನ್ನು ಅರ್ಧ ಮುಂದೆ ಮಾಡಿ, ಕತ್ತರಿ ತೆಗೆದುಕೊಂಡು ಹಿಂದಿನ ಗೋಡೆಗೆ ಹೋಗಿ, ಮೊದಲ ಮೂಟೆಯ ಬಿಳಿ ಹೊಲಿಗೆಗೆ ಕತ್ತರಿಯ ತುದಿ ಹಾಕಿದಳು. ದಾರ ಸರ್ರನೆ ಬಿಚ್ಚಿಕೊಂಡಿತು. ದಬ್ಬಳವನ್ನು ಬೆಳಕಿಗೆ ಹಿಡಿದು, ಕೆಂಪು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಲು ಹೋದವಳು, ತಡೆದು, ಪಕ್ಕದಲ್ಲಿದ್ದ ಚೊಂಬಿನ ನೀರಿನಲ್ಲಿ ಬೆರಳದ್ದಿ ಹೊಸೆದು ಪೋಣಿಸಿದಳು.