ಬಟ್ಟಲಿನ ಮೇಲಿನ ಹೆಬ್ಬೆಟ್ಟು

ಫೋನಿಗೆ ನನ್ನ ಹೆಬ್ಬೆಟ್ಟಿನ ಗುರುತು ಸಿಗುತ್ತಿಲ್ಲ, ಒರೆಸಿ ಒರೆಸಿ ಒತ್ತಿದರೂ ಮತ್ತೆ ಪ್ರಯತ್ನಿಸಿ ಎನ್ನುತ್ತದೆ, ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ, ಆದರೆ ಗೆರೆಗಳು ಸವೆಯುತ್ತಿವೆ, ಹಸಿಮಣ್ಣು ದಿನಾ ಒಂದಿಷ್ಟು ನೆಕ್ಕಿಕೊಂಡು ಹೋಗುತ್ತಿದೆ — ಬಟ್ಟಲಿಗೊಂದು ಹೆಬ್ಬೆಟ್ಟು, ಬುಡದ ಹತ್ತಿರ, ಒದ್ದೆ ಇರುವಾಗಲೇ, ಅದೇ ನನ್ನ ಕೆಲಸ. ಪರದೆಯ ಹಿಂದೆ ಯಂತ್ರ ದಡಕ್ ದಡಕ್ ಎಂದು ಬಟ್ಟಲು ಅಚ್ಚೊತ್ತುತ್ತದೆ, ಒಂದೂ ಸೊಟ್ಟ ಇಲ್ಲ, ಸೊಟ್ಟ ಮಾಡಲು ನಾನಿದ್ದೇನೆ. ಈಗ ಜನಕ್ಕೆ ಕೈಯಲ್ಲಿ ಮಾಡಿದ್ದೇ ಬೇಕಂತೆ ಕಣೇ, ಎಂದಿದ್ದಳು ದೊಡ್ಡಮ್ಮ, ಇಷ್ಟು ವರ್ಷ ಮೂಸಿ ನೋಡದವರು ಹುಡುಕ್ಕೊಂಡು ಬರ್ತಿದಾರೆ, ಬರೋ ಹೊತ್ತಿಗೆ ಸರಿಯಾಗಿ ನನ್ನ ಮಣಿಕಟ್ಟು ಕೈಕೊಡ್ತು ನೋಡು. ಆಮೇಲೆ ನಕ್ಕಳು, ನಮ್ಮನೇಲಿ ಸಹಿ ಹಾಕೋಕೆ ಬರೋಳು ನೀನೊಬ್ಬಳು, ಡಿಗ್ರಿ ಓದಿ ನೀನೂ ಹೆಬ್ಬೆಟ್ಟೇ ಆದೆಯಲ್ಲ! ನಾನೂ ನಕ್ಕೆ, ಡೈರಿಯಲ್ಲಿ ಆ ನಗುವನ್ನು ಬರೆಯಲು ಕೂತರೆ ಪೆನ್ನು ಹಿಡಿದ ಬೆರಳು ಕಾಣಿಸಿತು, ನುಣ್ಣಗೆ, ಯಾರದೋ ಬೆರಳಿನ ಹಾಗೆ.

ಕಾರಿನ ಬಾಗಿಲ ಸದ್ದು — ಬಂದೇಬಿಟ್ಟರು, ಅಂಗಡಿಯಮ್ಮ, ನಮ್ಮ ಬಟ್ಟಲುಗಳನ್ನೆಲ್ಲ ಕೊಳ್ಳುವವರು ಇವರೊಬ್ಬರೇ, ಇವತ್ತು ವಿಡಿಯೊ ತೆಗೆಯುತ್ತಾರಂತೆ, ನನ್ನ ಕೈಗಳದ್ದು. ಯಂತ್ರ ನಿಲ್ಲಿಸಿದ್ದೇವೆ, ಅದು ಇರುವುದೇ ಅವರಿಗೆ ಗೊತ್ತಿಲ್ಲ, ನಿಂತ ಮೇಲೇ ಅದು ಹೆಚ್ಚು ಕೇಳಿಸುತ್ತಿದೆ, ಪರದೆ ಗಾಳಿಗೆ ಸರಿದರೆ? ದೊಡ್ಡಮ್ಮ ತನ್ನ ಹಳೆಯ ಚಕ್ರದ ಮುಂದೆ ನನ್ನನ್ನು ಕೂರಿಸಿದ್ದಾಳೆ, ಮಣ್ಣಿನ ಮೇಲೆ ಸುಮ್ನೆ ಕೈ ಇಟ್ಕೊಂಡಿರು, ಮಾತು ನನಗೆ ಬಿಡು, ನೀನು ಹೇಗೂ ಬಾಯಿಸತ್ತೋಳು. ಈ ಚಕ್ರದಲ್ಲಿ ನನಗೆ ಮಣ್ಣು ಒಮ್ಮೆಯೂ ನಿಂತಿಲ್ಲ, ಚಿಕ್ಕವಳಿದ್ದಾಗ ಮುಖಕ್ಕೇ ಹಾರಿತ್ತು, ಈಗಲೂ ಹಾರಿದರೆ, ಇವರು ಎದ್ದು ಹೋದರೆ, ಬಟ್ಟಲು ಸುಡುವ ಆವಿಗೆಯ ಬೆಂಕಿ ಆರಿದರೆ, ಲೋಟ ಎತ್ತಲೂ ಆಗದ ಕೈ ಹೊತ್ತು ದೊಡ್ಡಮ್ಮ ಎಲ್ಲಿಗೆ ಹೋಗುತ್ತಾಳೆ, ಚಕ್ರ ಇನ್ನೂ ನಿಂತೇ ಇದೆ.

ಅಂಗಡಿಯಮ್ಮ ವಿಡಿಯೊಗೆ ಫೋನು ಎತ್ತಲಿಲ್ಲ, ಚೀಲದಿಂದ ಒಂದು ಬಟ್ಟಲು ತೆಗೆದರು, ನಮ್ಮದೇ, ಕುಡಿದು ಕುಡಿದು ಅಂಚು ಕಪ್ಪಾಗಿದೆ. ಇದು ನನ್ನದಮ್ಮ, ಮಾರೋದಲ್ಲ. ದಿನಾ ಬೆಳಿಗ್ಗೆ ಇಲ್ಲಿ ಬೆರಳಿಟ್ಟುಕೊಂಡು ಕೂತ್ಕೋತೀನಿ, ನಮ್ಮೆಜಮಾನ್ರು ಹೋದ ಮೇಲೆ ಯಾರೋ ಕೈ ಹಿಡಿದ ಹಾಗಾಗುತ್ತೆ. ನಾನೊತ್ತಿದ ಗುಳಿ, ಅದರೊಳಗೆ ಅವರ ಹೆಬ್ಬೆಟ್ಟು, ಅಳತೆ ಕೊಟ್ಟು ಮಾಡಿಸಿದಂತೆ. ನೀನೇ ತಾನೇ ಮಾಡಿದ್ದು? ದೊಡ್ಡಮ್ಮ ಕೆಮ್ಮಿದಳು, ಹೂಂ ಅನ್ನು ಎನ್ನುವ ಕೆಮ್ಮು, ಹೂಂ ಎಷ್ಟು ಸಣ್ಣ ಮಾತು, ಬಾಯಿ ತೆರೆಯದೆಯೂ ಹೇಳಬಹುದು, ಹೇಳು, ಹೇಳಿಬಿಡು, ಗುಳಿಯಲ್ಲಿ ಹೆಬ್ಬೆಟ್ಟು, ಗುಳಿಯಲ್ಲಿ ಹೆಬ್ಬೆಟ್ಟು —

ಬಟ್ಟಲು ಮಿಷಿನ್ ಮಾಡಿದ್ದು ಅಮ್ಮಾ, ಅಂದೆ, ಗಟ್ಟಿಯಾಗಿಯೇ ಅಂದೆ, ಹೆಬ್ಬೆಟ್ಟು ಮಾತ್ರ ನಂದು.

ಗುಳಿಯಲ್ಲಿ ಅವರ ಹೆಬ್ಬೆಟ್ಟು, ಇನ್ನೂ ತೆಗೆದಿಲ್ಲ, ಇನ್ನೂ