ಮುಚ್ಚಳ ಹಾಕಿದ ಟ್ರೇ

ನೋಯ್ಡಾದ ಕನ್ನಡ ಸಂಘದ ಹೊಸ ಸಭಾಭವನಕ್ಕೆ ಕರೆಂಟಿನ ಕೆಲಸ ನೋಡಿಕೊಂಡವನು ಏಕನಾಥ. ಕೇಂದ್ರ ಸರ್ಕಾರದ ಎಂಜಿನಿಯರು. ಚಾವಣಿಯಡಿ ಕೇಬಲ್ಲುಗಳನ್ನು ಹೊತ್ತೊಯ್ಯುವ ಕೇಬಲ್ ಟ್ರೇ ಬಗ್ಗೆ ಯಾರಾದರೂ ಬಾಯಿ ತಪ್ಪಿ ಕೇಳಿದರೆ ಅವರ ಕಾಫಿ ಆರುವವರೆಗೂ ಬಿಡುತ್ತಿರಲಿಲ್ಲ. ಏಸಿಗೆ ಹೋಗುವ ದಪ್ಪ ಕೇಬಲ್ಲುಗಳಿಗೆ ಏಣಿಯಂಥ ಟ್ರೇ. ಭಾರ ಹೊರುತ್ತದೆ, ಗಾಳಿಯೂ ಆಡುತ್ತದೆ. ದೀಪ, ಫ್ಯಾನುಗಳಿಗೆ ತೂತು ತಗಡಿನದು. ಮೈಕು, ಇಂಟರ್ನೆಟ್ಟಿಗೆ ತಂತಿಬಲೆಯ ಬುಟ್ಟಿ ಸಾಕು. ಮುಚ್ಚಳದ ಟ್ರೇ ಇಲಿ, ಧೂಳು ಇರುವ ಕಡೆಗೆ; ದಪ್ಪ ಕೇಬಲ್ಲುಗಳನ್ನು ಅದರಲ್ಲಿ ತುರುಕಿದರೆ ಬೆಂದುಹೋಗುತ್ತವೆ.

ಹಾಗೆಯೇ ಹಾಕಿಸಿಯೂ ಇದ್ದ. ಉದ್ಘಾಟನೆಗೆ ಮುಂಚೆ ಸಂಘದ ಹಿರಿಯರಾದ ಇಂದಿರಮ್ಮ ಬಂದು ತಲೆಯೆತ್ತಿದರು. ಉದ್ದನೆಯ ಏಣಿ, ಅಡ್ಡಪಟ್ಟಿ, ಮೇಲೆ ಬಿಗಿದು ಮಲಗಿಸಿದ ಕರಿ ಕೇಬಲ್ಲು.

"ಅಯ್ಯೋ ಏಕನಾಥ, ಶುಭಕಾರ್ಯ ಆಗೋ ಜಾಗದಲ್ಲಿ ಚಟ್ಟ ಕಟ್ಟಿಸಿದ್ದೀಯಲ್ಲಪ್ಪ!"

ಚಟ್ಟ ಅಂದಮೇಲೆ ಅದು ಯಾರ ಕಣ್ಣಿಗೂ ಏಣಿಯಾಗಿ ಕಾಣಲಿಲ್ಲ, ಏಕನಾಥನಿಗೂ. ಬಿಸಿ, ಗಾಳಿ ಎಂದು ಎರಡು ಮಾತು ಆಡಬಹುದಿತ್ತು. ಜೊತೆಗಿದ್ದ ಸಮಿತಿಯವರು ನಗುತ್ತಿದ್ದರು; ಅವನು ಆಡಲಿಲ್ಲ. ಗುತ್ತಿಗೆದಾರ ದಿಲೀಪನನ್ನು ಕರೆದು ಎಲ್ಲವನ್ನೂ ಮುಚ್ಚಳದ ಟ್ರೇಗೆ ಬದಲಾಯಿಸು ಎಂದ.

"ಜೈಸಾ ಆಪ್ ಬೋಲೋ, ಸಾಬ್," ಎಂದ ದಿಲೀಪ, ಹೇಳಿದಂತೆಯೇ ಬದಲಾಯಿಸಿದ.

ಉದ್ಘಾಟನೆಯ ದಿನ ಮೇ ತಿಂಗಳ ಬಿಸಿಲು, ಏಸಿಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ಮಕ್ಕಳ ಕೋಲಾಟ ಅರ್ಧಕ್ಕೆ ಬರುವಷ್ಟರಲ್ಲಿ ಚಾವಣಿಯ ಮುಚ್ಚಳದ ಟ್ರೇಯಿಂದ ಸುಟ್ಟ ವಾಸನೆ, ಹಿಂದೆಯೇ ಹೊಗೆ. "ಭಾಗೋ, ಭಾಗೋ!" ಎಂದು ಮಕ್ಕಳು ಕೋಲು ಬಿಸಾಕಿ ಓಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹೋಳಿಗೆ ಊಟ ಅಂಗಳಕ್ಕೆ ಬಂತು, ಅಷ್ಟೆ.

ಅಲ್ಲಿ, ಎಲ್ಲರೆದುರು, ಕಾರ್ಯದರ್ಶಿ ಜೀವನ್ ದಿಲೀಪನನ್ನು ಹಿಡಿದುಕೊಂಡ. "ಕ್ಯಾ ಕಾಮ್ ಕಿಯಾ ಹೈ, ಭಯ್ಯಾ? ಅಂದರ್ ಬಚ್ಚೇ ಥೇ!" ಒಳಗೆ ಮಕ್ಕಳಿದ್ದರು, ಇದೆಂಥ ಕೆಲಸ ಎಂದು ರೇಗಿದವನು ಇನ್ನು ಈ ಗೇಟಿನೊಳಗೆ ಕಾಲಿಡಬೇಡ ಎಂದೂ ಹೇಳಿದ.

ದಿಲೀಪ ಏಕನಾಥನ ಮುಖ ನೋಡಿದ. ಏಕನಾಥ ತುಪ್ಪ ಸಾಲದೆಂಬಂತೆ ಹೋಳಿಗೆಯನ್ನೇ ನೋಡುತ್ತಿದ್ದ. ದಿಲೀಪ ತಿರುಗಿ ನಡೆದ.

"ಅವನನ್ನ ಯಾಕೋ ಬೈತೀಯ?" ಇಂದಿರಮ್ಮ ಕುರ್ಚಿಯಿಂದಲೇ ಕೂಗಿದರು. "ಬಾಯಿ ಹಾಕಿದವಳು ನಾನು. ನನಗೇನು ಗೊತ್ತು ಕರೆಂಟಿನ ಸಂಗತಿ? ಏಕನಾಥ, ನೀನಾದರೂ ಬೇಡ ಅನ್ನಬಾರದಿತ್ತೇ? ನಿನಗೂ ಗೊತ್ತಿರಲಿಲ್ಲವೇನಪ್ಪ?"

ಗೊತ್ತಿರಲಿಲ್ಲ ಎಂದರೆ ಎಂಜಿನಿಯರನ ಮಾನ ಹೋಗುತ್ತಿತ್ತು. ಗೊತ್ತಿತ್ತು ಎಂದರೆ ಮನುಷ್ಯನದು.

"ಗೊತ್ತಿತ್ತು, ಇಂದಿರಮ್ಮನವರೇ."

ಬಡಿಸುತ್ತಿದ್ದವರ ಕೈ ನಿಂತಿತು. ಈ ಮಾತನ್ನು ಕೇಳಬೇಕಾದವನು ಅಷ್ಟರಲ್ಲಿ ಗೇಟು ದಾಟಿದ್ದ. ಏಕನಾಥ ಎದ್ದು, ಸಂಘದ ಅಷ್ಟೂ ಜನ ನೋಡುತ್ತಿದ್ದಂತೆ, ಎಂಜಲು ಕೈಯಲ್ಲೇ ಅವನ ಹಿಂದೆ ಓಡಿದ.